ಆಕಾಶವಾಣಿಯ ಸಿಗ್ನೇಚರ್ ಟ್ಯೂನ್ ಕೇಳುವ ಬಗೆ

ಬೆಳುವಾಯಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಮಂಗಳೂರು ಆಕಾಶವಾಣಿ 1976ರಿಂದ ಕೇಳಿಸುತ್ತ ಬಂದಿದೆ. ಬೆಳಗಿನ ಪ್ರಸಾರಕ್ಕೆ ಮುನ್ನ ತಂಬೂರಿಯ ಶ್ರುತಿಯ ಮೇಲೆ ಪಿಟೀಲಿನಲ್ಲಿ ಬರುವ ಆ ಪುಟ್ಟ ಧಾಟಿಗೆ ವಾಲ್ಟರ್ ಕೌಫ್‌ಮನ್ ಕರ್ತೃವೆಂದು ಹೆಸರಾದವರು. 1907ರಲ್ಲಿ ಬೊಹೀಮಿಯಾದ ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿದ ಯಹೂದಿ. ಪ್ರಾಗ್‌ನಲ್ಲಿ ಸಂಗೀತ ಸಂಯೋಜಕ ಮಾಲರ್ ಕುರಿತು ಪ್ರಬಂಧ ಬರೆದೂ, ತಮ್ಮ ಪ್ರಾಧ್ಯಾಪಕರು ನಾಜಿ ಯುವದಳದ ನಾಯಕರೆಂದು ತಿಳಿದಾಗ ಡಾಕ್ಟರೇಟೇ ಬೇಡವೆಂದರು. ಹಿಟ್ಲರ್ ಗದ್ದುಗೆ ಏರಿದ ಮರುವರ್ಷ, 1934ರಲ್ಲಿ, ಮುಂಬಯಿಗೆ ಬಂದಿಳಿದರು. ಇಷ್ಟು ಗೊತ್ತಾದ ಹೊಸ ಕೇಳುಗರು ಆ ಧಾಟಿಯಲ್ಲಿ ದೇಶ ಬಿಟ್ಟವನ ಅಳಲನ್ನು ಹುಡುಕತೊಡಗುತ್ತಾರೆ. ಅಲ್ಲಿ ಕೇಳಬೇಕಾದದ್ದು ಅಳಲನ್ನಲ್ಲ, ಒಬ್ಬನ ಕಲಿಕೆಯನ್ನು ಎಂಬುದು ನನ್ನ ವಾದ.

ಧಾಟಿ ಶಿವರಂಜನಿಯದು. ಮೋಹನದ ಅಂತರ ಗಾಂಧಾರವನ್ನು ಸಾಧಾರಣ ಗಾಂಧಾರಕ್ಕೆ ಇಳಿಸಿ ಹಾಡಿ ನೋಡಿ: ಉಳಿದ ನಾಲ್ಕು ಸ್ವರ ಹಾಗೆಯೇ ಇದ್ದರೂ ಮನಸ್ಸು ಭಾರವಾಗುತ್ತದೆ. ಆ ಭಾರ ರಾಗದ್ದು. ಯಾರು ನುಡಿಸಿದರೂ ಬರುತ್ತದೆ. ಕೌಫ್‌ಮನ್‌ಗೆ ನಮ್ಮ ಸಂಗೀತ ಮೊದಲಿಗೆ ತೀರಾ ಅಪರಿಚಿತವಾಗಿತ್ತು. ಆದರೆ ಕೋಟ್ಯಂತರ ಜನ ಒಲಿದ ಸಂಗೀತ ತನಗೆ ಹಿಡಿಸದಿದ್ದರೆ ಕೊರತೆ ತನ್ನ ಕಿವಿಯದೇ ಎಂದು ಅವರು ತರ್ಕಿಸಿದರು. ಹೊಸ ರಸಿಕರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಾಗಾಗಿ ಮೊದಲು ಪಿಟೀಲನ್ನು ಮರೆತು ತಂಬೂರಿಯನ್ನು ಹಿಡಿಯಿರಿ. ಆಮೇಲೆ ಪಿಟೀಲು ಷಡ್ಜಕ್ಕೆ ಹೇಗೆ ಮರಳುತ್ತದೆಂದು ಗಮನಿಸಿ. ಸ್ವರಗಳನ್ನು ಒಂದರ ಮೇಲೊಂದು ಪೇರಿಸುವ ಪಾಶ್ಚಾತ್ಯ ಪದ್ಧತಿಯಲ್ಲಿ ಬೆಳೆದ ಕೌಫ್‌ಮನ್ ಇಲ್ಲಿ ಒಂದೇ ಆಧಾರಶ್ರುತಿಗೆ ಒಪ್ಪಿಸಿಕೊಂಡಿದ್ದಾರೆ.

ಗಮಕವಿಲ್ಲ, ವಿಸ್ತಾರವಿಲ್ಲ, ಇದೆಂಥ ರಾಗ ಎಂದು ಕಛೇರಿ ಕೇಳಿದವರು ಕೇಳಬಹುದು. ಕೆಲವೇ ಕ್ಷಣಗಳ ಗುರುತಿನ ಸ್ವರಕ್ಕೆ ಆಲಾಪನೆಯ ಅಳತೆಗೋಲು ಸಲ್ಲದು. ನೋವನ್ನು ಬದಿಗಿಡುವುದು ನಿರ್ದಯವಲ್ಲವೇ ಎಂಬ ಆಕ್ಷೇಪ ಹೆಚ್ಚು ಗಂಭೀರ. ನಾಜಿಗಳ ತೆರೇಸಿಯನ್‌ಸ್ಟಾಟ್ ಶಿಬಿರದಲ್ಲೇ ಆಪೆರಾ ಬರೆದು, 1944ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಲೆಯಾದ ವಿಕ್ಟರ್ ಉಲ್‌ಮನ್‌ರ ಕೃತಿಯನ್ನು ಶಿಬಿರ ಮರೆತು ಕೇಳಲಾಗದು. ಅಲ್ಲಿ ಸೆರೆಯೇ ಕೃತಿಯ ಒಳಗಿದೆ. ಕೌಫ್‌ಮನ್‌ಗೆ ವೀಸಾ ಸಿಕ್ಕಿತು, ಬದುಕು ಸಿಕ್ಕಿತು. ಇಬ್ಬರನ್ನೂ ಒಂದೇ ಕಣ್ಣೀರಲ್ಲಿ ಅದ್ದಿದರೆ ಇಬ್ಬರ ಸಂಗೀತವೂ ಕೇಳಿಸದು. ಇನ್ನು ಧಾಟಿ ಕೌಫ್‌ಮನ್‌ರದಲ್ಲ ಎನ್ನುವವರೂ ಇದ್ದಾರೆ. ಅದನ್ನು ಒಪ್ಪಿದರೂ ಕಲಿಕೆಯ ಸಾಕ್ಷಿ ಅಳಿಯದು: 1937ರಿಂದ 1946ರವರೆಗೆ ಮುಂಬಯಿ ಆಕಾಶವಾಣಿಯಲ್ಲಿ ದುಡಿದು, ಕೊನೆಗೆ ಅಮೆರಿಕದ ಇಂಡಿಯಾನಾದಲ್ಲಿ ನೆಲೆಸಿದ ಅವರು ಉತ್ತರಾದಿ ರಾಗಗಳ ಬಗ್ಗೆ 1968ರಲ್ಲಿ, ನಮ್ಮ ದಕ್ಷಿಣಾದಿ ರಾಗಗಳ ಬಗ್ಗೆ 1976ರಲ್ಲಿ ದೊಡ್ಡ ಗ್ರಂಥಗಳನ್ನು ಹೊರತಂದರು.