ಅಪಾಯದ ಅಂಕವೂ ಹುಳಿದ್ರಾಕ್ಷಿಯ ಗಾದೆಯೂ

ಅಪರಾಧದ ಆರೋಪ ಹೊತ್ತ ಮಗುವನ್ನು ವಿಚಾರಣೆಗೆ ಮುನ್ನ ಮನೆಗೆ ಕಳುಹಿಸಬೇಕೇ, ಬಂಧನದಲ್ಲಿ ಇರಿಸಬೇಕೇ ಎಂಬುದನ್ನು ಅಂಕಗಳಿಂದ ನಿರ್ಧರಿಸುವ ಪದ್ಧತಿ ಅಮೆರಿಕದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆನಿ ಇ. ಕೇಸಿ ಪ್ರತಿಷ್ಠಾನವು 1992ರಲ್ಲಿ ಆರಂಭಿಸಿದ ಸುಧಾರಣಾ ಯೋಜನೆ ಇದನ್ನು ವ್ಯಾಪಕಗೊಳಿಸಿತು. ಕಪ್ಪು ವರ್ಣದ ಮಕ್ಕಳೇ ಹೆಚ್ಚಾಗಿ ಬಂಧನಕ್ಕೊಳಗಾಗುತ್ತಿದ್ದ ಸ್ಥಿತಿಯಲ್ಲಿ, ಅಧಿಕಾರಿಯ ಪೂರ್ವಗ್ರಹಕ್ಕೆ ಲಿಖಿತ ಮಾನದಂಡವೊಂದು ಕಡಿವಾಣ ಹಾಕೀತೆಂಬುದು ಅದರ ಆಶಯ.

ಆ ಆಶಯವನ್ನು ನಾವು ಹಗುರವಾಗಿ ಕಾಣಬಾರದು. ಯಂತ್ರದ ಲೆಕ್ಕಕ್ಕಿಂತ ಮನುಷ್ಯನ ತೀರ್ಪು ಸಹಜವಾಗಿಯೇ ಕರುಣಾಮಯವೆಂದು ಭಾವಿಸುವುದು ಧಾರ್ಮಿಕರಿಗೆ ಸುಲಭ. ಆದರೆ ಮುಖ ನೋಡಿ ಮಣೆ ಹಾಕುವ ಚಾಳಿಯನ್ನು ಸಂತ ಯಕೋಬರು ಖಂಡಿಸಿದ್ದು ಮನುಷ್ಯರಲ್ಲಿಯೇ. ಪ್ರಶ್ನೆ ಇರುವುದು ಅಂಕದಲ್ಲಲ್ಲ, ಅಂಕ ಯಾವುದಕ್ಕೆ ಎಂಬುದರಲ್ಲಿ. ಆರಿಗನ್ ರಾಜ್ಯದ ಮಲ್ಟ್‌ನೋಮಾ ಕೌಂಟಿಯವರು ಇದನ್ನು ಮನಗಂಡರು. 'ಉತ್ತಮ ಕುಟುಂಬ ವ್ಯವಸ್ಥೆ'ಯಂಥ ಅಳತೆಗಳು ಬಡ ಕಪ್ಪು ಮಕ್ಕಳಿಗೆ ಪ್ರತಿಕೂಲವೆಂದು ಕಂಡು ಅವನ್ನು ಕೈಬಿಟ್ಟರು. ಹಿಂದಿನ ಬಂಧನಗಳ ಎಣಿಕೆಯೂ ಹಾಗೆಯೇ ಮೋಸಗೊಳಿಸುತ್ತದೆ: ಪೊಲೀಸರು ಎಲ್ಲಿ ಹೆಚ್ಚು ಸುತ್ತುತ್ತಾರೋ ಅಲ್ಲಿಯ ಮಗುವಿನ ಲೆಕ್ಕ ಬೆಳೆಯುತ್ತದೆ.

ನಮ್ಮಲ್ಲಿ ಇಂಥ ಅಂಕಪಟ್ಟಿ ರೂಢಿಗೆ ಬಂದಿಲ್ಲ. ಆದರೆ ಅದರ ಬೀಜ ಕಾನೂನಿನಲ್ಲಿದೆ. 2015ರ ಬಾಲ ನ್ಯಾಯ ಕಾಯ್ದೆಯ 12ನೇ ಕಲಮು ಮಗುವಿಗೆ ಜಾಮೀನು ಕೊಡುವುದನ್ನೇ ನಿಯಮವಾಗಿಸಿದೆ. ಬಿಡುಗಡೆಯಿಂದ ಮಗು ಪರಿಚಿತ ಅಪರಾಧಿಯ ಸಹವಾಸಕ್ಕೆ ಬೀಳುವ ಸಂಭವವಿದ್ದರೆ ನಿರಾಕರಿಸಬಹುದೆಂಬುದು ಅದರ ಅಪವಾದಗಳಲ್ಲೊಂದು. ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿಯ ನಮೂನೆಯೂ ಕುಟುಂಬದ ಸದಸ್ಯರು ಅಪರಾಧಗಳಲ್ಲಿ ಭಾಗಿಯಾದ ಇತಿಹಾಸವನ್ನು ಕೇಳುತ್ತದೆ. ಆ 'ಪರಿಚಿತ ಅಪರಾಧಿ' ಮಗುವಿನ ತಂದೆಯೇ ಆಗಿದ್ದರೆ? ತಂದೆಯ ಹೆಸರು ಠಾಣೆಯ ದಾಖಲೆಗೆ ಸೇರಿದ್ದು ಆತ ಪಾರಧಿಯಾಗಿ ಹುಟ್ಟಿದ ಕಾರಣಕ್ಕೇ ಆಗಿದ್ದರೆ? ಆಗ ಮನೆಯೇ ಅಪಾಯವೆನಿಸುತ್ತದೆ, ಹುಟ್ಟೇ ಸಾಕ್ಷಿಯಾಗುತ್ತದೆ.

ಇದು ಕಲ್ಪನೆಯ ಆತಂಕವಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಜನ್ಮತಃ ಅಪರಾಧಿಗಳೆಂದು ನೋಂದಾಯಿಸಿತು. 1924ರ ಕಾಯ್ದೆ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಲೂ ಅವಕಾಶ ಕೊಟ್ಟಿತ್ತು. 1952ರಲ್ಲಿ ಅದು ರದ್ದಾದರೂ ವಾಡಿಕೆಯ ಅಪರಾಧಿಗಳ ಕಾನೂನುಗಳು ಅದರ ಜಾಗಕ್ಕೆ ಬಂದವು. ವಿಮುಕ್ತ ಬುಡಕಟ್ಟುಗಳವರನ್ನು ಕಾರಾಗೃಹ ಕೈಪಿಡಿಗಳು ಈಗಲೂ ಹಾಗೆ ಗುರುತಿಸುತ್ತಿದ್ದುದನ್ನು ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಅಸಾಂವಿಧಾನಿಕವೆಂದಿತು. ಆಳಂದ ತಾಲೂಕಿನ ಹಿರೋಳ್ಳಿಯ ಗಡಿ ದಾಟಿದರೆ ಸಮೀಪದಲ್ಲೇ ಇರುವ ಸೊಲ್ಲಾಪುರದಲ್ಲಿ ಇಂಥ ಸಮುದಾಯಗಳ ಸೆಟ್ಲ್‌ಮೆಂಟನ್ನು ಕೆಲಕಾಲ ನಡೆಸಿದ್ದು ಅಮೆರಿಕನ್ ಮರಾಠಿ ಮಿಷನ್ ಎಂಬ ಕ್ರೈಸ್ತ ಸಂಸ್ಥೆ. ಉದ್ಧಾರದ ಹೆಸರಿನಲ್ಲಿ ಬೇಲಿ ಕಾಯ್ದ ಈ ಚರಿತ್ರೆ ಕ್ರೈಸ್ತರಾದ ನಮ್ಮೆಲ್ಲರದು.

ದೈವಶಾಸ್ತ್ರದ ದೃಷ್ಟಿಯಲ್ಲಿ ಇಲ್ಲಿ ಒಂದು ಗಂಭೀರ ದೋಷವಿದೆ. ತಂದೆ ತಿಂದ ಹುಳಿದ್ರಾಕ್ಷಿಗೆ ಮಗನ ಹಲ್ಲನ್ನು ಹೊಣೆಯಾಗಿಸುವ ಗಾದೆಯನ್ನು ಯೆಜೆಕಿಯೇಲನ ಹದಿನೆಂಟನೆಯ ಅಧ್ಯಾಯ ತಿರಸ್ಕರಿಸುತ್ತದೆ. ಹುಟ್ಟುಗುರುಡನನ್ನು ಕಂಡು ಯಾರ ಪಾಪವೆಂದು ಕೇಳಿದ ಶಿಷ್ಯರ ಪ್ರಶ್ನೆಯನ್ನೇ ಪ್ರಭು ತಳ್ಳಿಹಾಕುತ್ತಾರೆ. ಜನ್ಮಪಾಪದ ಬೋಧನೆ ಇದಕ್ಕೆ ವಿರುದ್ಧವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಆ ಬೋಧನೆ ಪಾಪದ ಒಲವನ್ನು ನ್ಯಾಯಾಧೀಶರೂ ಯಾಜಕರೂ ಸೇರಿದಂತೆ ಸಕಲರಲ್ಲಿ ಕಾಣುತ್ತದೆ. ಕೆಲವರ ಹುಟ್ಟಿಗೆ ಮಾತ್ರ ಕಳಂಕ ಹಚ್ಚುವ ದಾಖಲೆ ಆ ಬೋಧನೆಯ ವಿಕೃತಿ. ಪೋಪ್ ಫ್ರಾನ್ಸಿಸ್‌ರವರು 2024ರ ವಿಶ್ವ ಶಾಂತಿ ದಿನದ ಸಂದೇಶದಲ್ಲಿ, ಅಪರಾಧಿಯೊಬ್ಬ ಮತ್ತೆ ಅಪರಾಧ ಮಾಡುವ ಸಂಭವವನ್ನು ಕೃತಕ ಬುದ್ಧಿಮತ್ತೆ ನಿರ್ಣಯಿಸುವ ಅಪಾಯವನ್ನು ಹೆಸರಿಸಿಯೇ ಎಚ್ಚರಿಸಿದರು. ವ್ಯಕ್ತಿಯ ಅನನ್ಯತೆಯನ್ನು ದತ್ತಾಂಶಗಳ ಕಂತೆಯೊಂದಿಗೆ ಸಮೀಕರಿಸಲಾಗದು ಎಂಬುದು ಅವರ ನಿಲುವು.

ಹಾಗಾದರೆ ಮಾನದಂಡಗಳೇ ಬೇಡವೇ? ಬೇಕು. ಮಗು ಸ್ವತಃ ಮಾಡಿದ್ದೇನು, ವಿಚಾರಣೆಗೆ ಹಾಜರಾದೀತೇ, ಹೊಣೆ ಹೊರುವ ಹಿರಿಯರೊಬ್ಬರು ಇದ್ದಾರೆಯೇ: ಇಷ್ಟನ್ನು ಕೇಳುವ, ಕುಲವನ್ನೂ ತಂದೆಯ ದಾಖಲೆಯನ್ನೂ ಕೇಳದ ಮಾನದಂಡ ಬೇಕು. ಕಬ್ಬು ಕಡಿಯಲು ಗಡಿಯಾಚೆ ವಲಸೆ ಹೋಗುವ ಮನೆತನದ ಮಗುವಿಗೆ ಸ್ಥಿರ ವಿಳಾಸ ಇಲ್ಲದಿರುವುದು ಅದರ ದೋಷವಾಗಬಾರದು.

ಇದರಲ್ಲಿ ಗುರುಗಳ ಪಾಲೂ ಇದೆ. ಮಗುವನ್ನು ಯೋಗ್ಯ ವ್ಯಕ್ತಿಯೊಬ್ಬರ ಪಾಲನೆಗೆ ಒಪ್ಪಿಸಿ ಬಿಡುಗಡೆ ಮಾಡಲು ಅದೇ 12ನೇ ಕಲಮು ಅವಕಾಶ ಕೊಡುತ್ತದೆ. ನಮ್ಮ ಧರ್ಮಕೇಂದ್ರಗಳು, ವಸತಿನಿಲಯಗಳು ಅಂಥ ಹೊಣೆ ಹೊರಲು ಮುಂದಾದರೆ 'ಮನೆಯಲ್ಲಿ ಅಪಾಯವಿದೆ' ಎಂಬ ವಾದ ಬಂಧನಕ್ಕೆ ನೆಪವಾಗದು. ಒಂದು ಕಾಲದಲ್ಲಿ ಬೇಲಿ ಕಾಯ್ದವರು ಈಗ ಜಾಮೀನು ನಿಲ್ಲುವುದೇ ತಕ್ಕ ಪ್ರಾಯಶ್ಚಿತ್ತ.