ಗಿಟಾರು ಜಾಗ ಬಿಟ್ಟಾಗ

ದೊಡ್ಡನೆಕ್ಕುಂದಿಯಲ್ಲಿ ಮನೆ ಮಾಡಿದ ಹೊಸದರಲ್ಲಿ, ಮಾರತಹಳ್ಳಿ ಸೇತುವೆ ದಾಟಿ ಆಫೀಸು ಮುಟ್ಟೋದರೊಳಗೆ ಒಂದು ಇಡೀ ಆಲ್ಬಂ ಕೇಳಿ ಮುಗಿಸಬಹುದಿತ್ತು. ಹಾಗೆ ಕ್ಯಾಬಿನ ಹಿಂದಿನ ಸೀಟಲ್ಲಿ ಕೂತು ಕೇಳಿದ್ದು ‘ಅಗಂ’ನ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’. ಅಗಂ ನಮ್ಮ ಬೆಂಗಳೂರಿನದ್ದೇ ಬ್ಯಾಂಡು, 2003ರಲ್ಲಿ ಶುರುವಾಗಿದ್ದು. ಹಗಲು ಐಟಿ ಕೆಲಸ, ಉಳಿದ ಹೊತ್ತು ಸಂಗೀತ ಅಂತ ವರ್ಷಗಟ್ಟಲೆ ದುಡಿದವರು ಅದರಲ್ಲಿದ್ದಾರೆ. ಆಲ್ಬಂ ಬಂದಿದ್ದು 2012ರಲ್ಲಿ. ಅದರಲ್ಲಿ ‘ಸ್ವಾನ್ಸ್ ಆಫ್ ಸರಸ್ವತಿ’ ಅಂತ ಒಂದು ಹಾಡು. ತ್ಯಾಗರಾಜರ ‘ಬಂಟುರೀತಿ’ ಕೃತಿಯೇ ಅದರ ಬುನಾದಿ. ಹಾಡೋರು ಹರೀಶ್ ಶಿವರಾಮಕೃಷ್ಣನ್. ಅದು ತ್ಯಾಗರಾಜರದ್ದು ಅಂತ ಆಗ ನನಗೆ ಗೊತ್ತೂ ಇರಲಿಲ್ಲ.

ಗೊತ್ತಿರಬೇಕಾದರೂ ಹೇಗೆ? ನಮ್ಮೂರಲ್ಲಿ ಸಂಗೀತ ಅಂದರೆ ಶನಿವಾರದ ಭಜನೆ, ಹಾರ್ಮೋನಿಯಂ, ಗಣೇಶನ ಹಬ್ಬಕ್ಕೆ ಬರುವ ಆರ್ಕೆಸ್ಟ್ರಾ. ರೇಡಿಯೋದಲ್ಲಿ ಕಛೇರಿ ಶುರುವಾದರೆ ಅಪ್ಪ ಸ್ಟೇಷನ್ ತಿರುಗಿಸೋರು. ಅದು ಬೇರೆಯವರ ಮನೆಯ ಸಂಗೀತ, ನಮ್ಮದಲ್ಲ ಅನ್ನೋದು ಯಾರೂ ಬಾಯಿಬಿಟ್ಟು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಇಂಥ ಆಲ್ಬಂ ಕಂಡ ಕೂಡಲೇ ‘ಸಂಪ್ರದಾಯ ಕೆಡಿಸಿದರು’ ಅನ್ನುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ನನಗೆ ಬಾಗಿಲು ತೆಗೆದಿದ್ದೇ ಅವು. ಹಾಗಂತ ಬಾಗಿಲು ತೆಗೆದರು ಅನ್ನೋ ಋಣಕ್ಕೆ ಎಲ್ಲದಕ್ಕೂ ಚಪ್ಪಾಳೆ ಹೊಡೆಯೋದೂ ಸರಿಯಲ್ಲ.

ಹಾಗಾದರೆ ಬೆರೆತಿದೆಯೋ ಇಲ್ಲವೋ ಅಂತ ಅಳೆಯೋದು ಹೇಗೆ? ನನ್ನ ಅಳತೆ ಒಂದೇ: ಯಾರು ಯಾರಿಗೆ ಎಲ್ಲಿ ಜಾಗ ಬಿಟ್ಟಿದ್ದಾರೆ ಅಂತ ನೋಡೋದು.

‘ಬಂಟುರೀತಿ’ ಇರೋದು ಹಂಸನಾದದಲ್ಲಿ. ಇವತ್ತು ಹಾಡುವ ರೂಢಿಯಲ್ಲಿ ಆ ರಾಗಕ್ಕೆ ಐದೇ ಸ್ವರ: ಸ ರಿ ಮ ಪ ನಿ. ಗಾಂಧಾರ ಇಲ್ಲವೇ ಇಲ್ಲ. ಈಗ ರಾಕ್ ಗಿಟಾರಿನ ಕಡೆ ಬನ್ನಿ. ಡಿಸ್ಟಾರ್ಷನ್ ಹಾಕಿದ ಗಿಟಾರಿನಲ್ಲಿ ಮೂರು ಸ್ವರದ ಪೂರ್ತಿ ಕಾರ್ಡ್ ನುಡಿಸಿದರೆ ಸದ್ದು ರಾಡಿಯಾಗುತ್ತೆ. ಅದಕ್ಕೇ ರಾಕ್‌ನವರು ನಡುವಿನ ಸ್ವರ ಬಿಟ್ಟು ಬರೀ ಷಡ್ಜ-ಪಂಚಮದ ಜೋಡಿ ನುಡಿಸ್ತಾರೆ. ಪವರ್ ಕಾರ್ಡ್ ಅಂದರೆ ಅದೇ. ಷಡ್ಜದ ಮೇಲೆ ಕಾರ್ಡ್ ಕಟ್ಟುವಾಗ ಹೀಗೆ ಬಿಟ್ಟುಹೋಗುವ ಸ್ವರ ಯಾವುದು? ಗಾಂಧಾರ! ರಾಗದಲ್ಲಿ ಇಲ್ಲದ್ದು ಗಿಟಾರಿನಲ್ಲೂ ಇಲ್ಲ. ಸ-ಪ ಅಂತೂ ತಂಬೂರಿಯ ಶ್ರುತಿಯೇ. ಅಷ್ಟು ಸದ್ದಿನ ನಡುವೆಯೂ ರಾಗಕ್ಕೆ ಉಸಿರು ಕಟ್ಟದೇ ಇರೋದು ಅದಕ್ಕೇ ಅಂತ ನನಗೆ ಹೊಳೆದಿದ್ದು ಎಷ್ಟೋ ವರ್ಷದ ಮೇಲೆ. ಬ್ಯಾಂಡಿನವರು ಇದನ್ನು ಲೆಕ್ಕ ಹಾಕಿ ಮಾಡಿದರೋ, ಕಿವಿ ಹೇಳಿದಂತೆ ಮಾಡಿದರೋ, ಫಲ ಮಾತ್ರ ಒಂದೇ.

2017ರ ಎರಡನೇ ಆಲ್ಬಂ ‘ಎ ಡ್ರೀಮ್ ಟು ರಿಮೆಂಬರ್’ ಬಂದಾಗ ಹುಚ್ಚು ಹಿಡಿದಂತೆ ಕೇಳಿದೆ. ಅದರ ‘ಮಿಸ್ಟ್ ಆಫ್ ಕ್ಯಾಪ್ರಿಕಾರ್ನ್’ಗೆ ತ್ಯಾಗರಾಜರ ನಳಿನಕಾಂತಿ ರಾಗದ ‘ಮನವ್ಯಾಲಕಿಂಚರ’ ಆಧಾರ. ಸದ್ದು ದೊಡ್ಡದು, ಕೆಲಸ ಅಚ್ಚುಕಟ್ಟು, ಕೇಳಿದರೆ ಮೈ ಜುಂ ಅನ್ನುತ್ತೆ. ಆದರೂ ನನ್ನ ತಕರಾರು ಇರೋದು ಇಲ್ಲೇ. ನಳಿನಕಾಂತಿ ವಕ್ರ ರಾಗ. ಆರೋಹಣದಲ್ಲಿ ಸ ಆದಮೇಲೆ ನೇರ ರಿಷಭಕ್ಕೆ ಹೋಗಲ್ಲ. ಗಾಂಧಾರ ಮುಟ್ಟಿ, ಹಿಂದೆ ಬಂದು ರಿಷಭ, ಆಮೇಲೆ ಮಧ್ಯಮ: ಸ ಗ ರಿ ಮ. ಯಾವ ಸ್ವರ ಅನ್ನೋದಕ್ಕಿಂತ ಯಾವುದರ ಹಿಂದೆ ಯಾವುದು ಅನ್ನೋದರಲ್ಲಿ ಆ ರಾಗದ ಜೀವ ಇದೆ. ಕಾರ್ಡ್ ಮಾಡೋದು ಸ್ವರಗಳನ್ನು ಒಂದೇ ಏಟಿಗೆ ಒಟ್ಟಿಗೆ ನಿಲ್ಲಿಸೋ ಕೆಲಸ. ಹಾದಿಯನ್ನು ಒಟ್ಟಿಗೆ ನಿಲ್ಲಿಸೋಕಾಗಲ್ಲ ನೋಡಿ. ಗಾಯಕ ಸುತ್ತಿ ಬಳಸಿ ಬರುವಾಗ ಹಿಂದಿನ ವಾದ್ಯಗಳು ಆಗಲೇ ಮನೆ ತಲುಪಿ ಕಾಯ್ತಾ ಕೂತಿವೆ ಅಂತ ನನ್ನ ಕಿವಿಗೆ ಅನ್ನಿಸುತ್ತೆ.

ಇನ್ನೊಂದು ಮಾತು. ಕೃತಿಯಲ್ಲಿ ಸಂಗತಿ ಅಂತ ಇರುತ್ತೆ. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡ್ತಾ ಪ್ರತಿ ಸಲ ಒಂದಿಷ್ಟು ಬೆಳೆಸೋದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ವರ್ಷನ್ 1.1, 1.2, 1.3. ಅಂದರೆ ಏರುವ ಕೆಲಸ ಕೃತಿಯ ಒಳಗೇ ನಡೀತಿರುತ್ತೆ. ಅದರ ಮೇಲೆ ಡ್ರಮ್ಸು, ಗಿಟಾರು, ಸಿಂಥಸೈಜರ್ ತಮ್ಮದೇ ಇನ್ನೊಂದು ಏರಿಕೆ ಹೇರಿದರೆ, ಆರನೇ ಸಂಗತಿಯ ಸಣ್ಣ ಬಳುಕು ಯಾರಿಗೆ ಕೇಳಿಸಬೇಕು? ಈ ಪ್ರಕಾರದ ಬಹಳಷ್ಟು ಹಾಡುಗಳ ರೋಗ ಇದೇ. ಎಲ್ಲವೂ ಕೊನೆಗೆ ಅದೇ ಎತ್ತರಕ್ಕೆ, ಅದೇ ಅಬ್ಬರಕ್ಕೆ ಬಂದು ನಿಲ್ಲುತ್ತವೆ.

ಬೇರೆ ದಾರಿ ಇರಲಿಲ್ಲವೇ? ಇತ್ತು, ಅದೂ ಇದೇ ಊರಲ್ಲಿ. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ 1980ರಲ್ಲೇ ಜರ್ಮನಿಯ ಎಂಬ್ರಿಯೋ ಅನ್ನೋ ರಾಕ್ ಬ್ಯಾಂಡಿನ ಜೊತೆ ‘ಲೈಫ್’ ಅನ್ನುವ ಆಲ್ಬಂ ಮಾಡಿತ್ತು. ನಾನಿನ್ನೂ ಹುಟ್ಟಿರಲಿಲ್ಲ. ನನಗೆ ಅದಕ್ಕಿಂತ ಇಷ್ಟ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಇದೇ ತಂಡ 1983ರಲ್ಲಿ ಮಾಡಿದ ‘ಜ್ಯೋತಿ’. ಅದರಲ್ಲಿ ಆರ್.ಎ. ರಮಾಮಣಿಯವರ ದನಿ, ಮೃದಂಗ, ಘಟ, ಖಂಜಿರ, ಸ್ಯಾಕ್ಸೊಫೋನ್, ಕೊಳಲು. ಗಿಟಾರಿಲ್ಲ, ಕೀಬೋರ್ಡಿಲ್ಲ; ಕಾರ್ಡ್ ಹಿಡಿಯುವ ವಾದ್ಯವೇ ಇಲ್ಲ. ಅವರು ಕೈ ಕುಲುಕೋದು ಲಯದಲ್ಲಿ. ತಾಳದಲ್ಲಿ ಇಬ್ಬರೂ ಎಷ್ಟು ಬೇಕಾದರೂ ಜಟಿಲವಾಗಬಹುದು, ರಾಗದ ಒಂದು ಕೂದಲೂ ಕೊಂಕಲ್ಲ. ಕ್ಯಾಬಿನ ಹಾರ್ನುಗಳ ನಡುವೆ ಅದು ಕೇಳಿಸಲ್ಲ ಅನ್ನೋದೂ ನಿಜ. ರಾತ್ರಿ ಹತ್ತರ ಮೇಲೆ ಕೇಳಬೇಕು.

ಇನ್ನು ‘ಎಲೆಕ್ಟ್ರಾನಿಕ್ ಸದ್ದೇ ನಮಗಾಗಲ್ಲ’ ಅನ್ನುವವರಿಗೆ ಒಂದು ಮಾತು. ನಮ್ಮ ದೊಡ್ಡನೆಕ್ಕುಂದಿಗೆ ಹತ್ತಿರದಲ್ಲೇ ಇರೋ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು ಜಿ. ರಾಜ್‌ನಾರಾಯಣ್, ಸ್ವತಃ ಕೊಳಲು ವಾದಕರು. 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿ ರಾಡೆಲ್ ಕಂಪನಿ ಕಟ್ಟಿದರು. ಇವತ್ತು ಅಂಥ ಪೆಟ್ಟಿಗೆ ಇಲ್ಲದ ಕಛೇರಿ ವೇದಿಕೆ ಎಲ್ಲಿದೆ ತೋರಿಸಿ. ಅದನ್ನು ಯಾರೂ ಫ್ಯೂಷನ್ ಅನ್ನಲಿಲ್ಲ. ಯಾಕೆ? ಅದು ಹಿಂದೆ ಕೂತು ಜಾಗ ಬಿಟ್ಟಿತು, ಅಷ್ಟೇ.

ಒಂದು ವರ್ಷ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತೋತ್ಸವಕ್ಕೆ ಹೋಗಿದ್ದೆ. ಅಗಂ ಕೇಳದಿದ್ದರೆ ಆ ಕಡೆ ತಲೆ ಹಾಕ್ತಿರಲಿಲ್ಲ. ವೇದಿಕೆಯಲ್ಲಿ ‘ಮನವ್ಯಾಲಕಿಂಚರ’ ಎತ್ತಿಕೊಂಡರು. ನನಗೆ ಗೊತ್ತಿರೋ ಹಾಡು! ನೆಟ್ಟಗೆ ಕೂತೆ. ಪಕ್ಕದ ಹಿರಿಯರು ತೊಡೆ ಮೇಲೆ ತಾಳ ಹಾಕ್ತಿದ್ದರು, ನಾನೂ ಹಾಕಿದೆ. ಸಂಗತಿಗಳು ಒಂದರ ಮೇಲೊಂದು ಬಂದವು, ಚರಣ ಬಂತು, ಹಾಡು ಮುಗಿದೂ ಹೋಯಿತು. ನಾನಿನ್ನೂ ಡ್ರಮ್ಸ್ ಯಾವಾಗ ಬರುತ್ತೆ ಅಂತ ಕಾಯ್ತಾ ಇದ್ದೆ.

ಆ ಆಲ್ಬಂಗಳು ನನಗೆ ಕೊಟ್ಟಿದ್ದೇನು, ನನ್ನ ಕಿವಿಯಿಂದ ಕಿತ್ತುಕೊಂಡಿದ್ದೇನು ಅನ್ನೋದು ಅವತ್ತು ಒಟ್ಟಿಗೇ ಅರ್ಥವಾಯಿತು. ಈಗಲೂ ಅಗಂ ಕೇಳ್ತೀನಿ. ಆದರೆ ಹಂಸನಾದಕ್ಕೆ ಅವರ ಹತ್ತಿರ ಹೋಗ್ತೀನಿ. ನಳಿನಕಾಂತಿಗೆ ಮಾತ್ರ ಚಾಮರಾಜಪೇಟೆಗೆ.