ಕೇಬಲ್ ಬರಲಿಲ್ಲ, ಪೋಕೆಮಾನ್ ಬಂತು

ಪೋಕೆಮಾನ್ ರೆಡ್ ಆಟದಲ್ಲಿ ಒಟ್ಟು 151 ಪ್ರಾಣಿಗಳು. ಕೊನೆಯ ಮ್ಯೂ ಬಿಡ್ರಿ, ಅದನ್ನು ಕಂಪನಿಯವರೇ ಹಂಚಬೇಕಿತ್ತು. ಉಳಿದ 150ನ್ನಾದರೂ ಹಿಡಿದು ಮುಗಿಸೋಣ ಅಂತ ಒಬ್ಬರೇ ಕೂತರೆ, ಹಗಲು ರಾತ್ರಿ ಒಂದು ಮಾಡಿದರೂ ಆಗುವುದಿಲ್ಲ. ಎಷ್ಟೇ ಶಾಣ್ಯಾ ಇದ್ರೂ ಅಷ್ಟ. ಆಟ ಕಟ್ಟಿದ್ದೇ ಹಂಗ. ಈಚೆಗೆ ಇದನ್ನು ಮೊದಲಿಂದ ಕೊನೆತನಕ ಇನ್ನೊಮ್ಮೆ ಆಡಿದ ಮೇಲೆ ನನಗೆ ಒಂದು ಮಾತು ಖಾತ್ರಿ ಆತು: ನಮ್ಮ ಕಾರಟಗಿ, ಗಂಗಾವತಿ, ಸಿಂಧನೂರು ಕಡೆಯ ಹುಡುಗರಿಗೆ ಈ ಆಟ ಅರ್ಧ ಮಾತ್ರ ಸಿಕ್ಕಿತ್ತು. ಇನ್ನರ್ಧ ಒಂದು ವೈರಿನಲ್ಲಿತ್ತು. ಆ ವೈರು ನಮ್ಮ ಕಡೆ ಬರಲೇ ಇಲ್ಲ.

ಪೋಕೆಮಾನ್ ನಮ್ಮಲ್ಲಿಗೆ ಬಂದದ್ದು ಮೊದಲು ಟೀವಿಯಲ್ಲಿ. 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ನವರು ಕಾರ್ಟೂನ್ ಹಾಕಿದರು. ಹಿಂದಿ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಪಿಕಾಚು ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ಆಟ ಬಂದದ್ದು ಆಮೇಲೆ, ಅದೂ ಹಿಂಬಾಗಿಲಿನಿಂದ. ಗೇಮ್ ಬಾಯ್ ಅನ್ನೋ ಯಂತ್ರ ನಮ್ಮ ಅಂಗಡಿಗಳಲ್ಲಿ ಇರಲಿಲ್ಲ. ಇದ್ದದ್ದು ಟೀವಿಗೆ ಹಚ್ಚೋ ಕ್ಯಾಸೆಟ್ ಗೇಮು: ಮಾರಿಯೋ, ಕಾಂಟ್ರಾ. ಪೋಕೆಮಾನ್ ಬಂದದ್ದು ಮೊದಲು ಕಂಪ್ಯೂಟರಿನ ಎಮ್ಯುಲೇಟರ್‌ನಲ್ಲಿ, ಆಮೇಲೆ ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ. ಹಾಡು ತುಂಬಿಸಿದಂಗ ಆಟಾನೂ ತುಂಬಿಸಿಕೊಳ್ಳೋದು. ಕಾರ್ಡಿನಲ್ಲಿ ಆಟದ ಫೈಲು ಬರತದ, ವೈರು ಬರೂದಿಲ್ಲ ನೋಡ್ರಿ.

ಆ ವೈರಿನ ಕಥೆ ಹೇಳಬೇಕಂದರೆ ಆಟ ಹುಟ್ಟಿದ ಊರಿಗೆ ಹೋಗಬೇಕು. ಸತೋಶಿ ತಾಜಿರಿ ಬೆಳೆದದ್ದು ಟೋಕಿಯೋ ಅಂಚಿನ ಮಾಚಿದಾದಲ್ಲಿ. ಗದ್ದೆ, ಹೊಂಡ, ಗಿಡಗಂಟಿ ಇನ್ನೂ ಉಳಿದಿದ್ದ ಕಾಲ. ಹುಡುಗನಿಗೆ ಹುಳ ಹಿಡಿಯೋ ಹುಚ್ಚು. ಕಣ್ಣೆದುರಿಗೇ ಗದ್ದೆ ಹೋಗಿ ಕಟ್ಟಡಗಳು ಬಂದವು. ಮೀನಿನ ಹೊಂಡ ಇದ್ದಲ್ಲಿ ವಿಡಿಯೋ ಗೇಮಿನ ಅಂಗಡಿ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಮುಂದೆ ದೊಡ್ಡವರಾದ ಮೇಲೆ, ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲ್ ನೋಡಿದಾಗ ಅವರಿಗೆ ಹೊಳೆದದ್ದು, ಹುಳವೊಂದು ಆ ವೈರಿನ ಮೇಲೆ ಹರಿದು ಈ ಕಡೆಯಿಂದ ಆ ಕಡೆಗೆ ಹೋಗುವ ಚಿತ್ರ. ಅಲ್ಲಿಯತನಕ ಕೇಬಲ್ ಇದ್ದದ್ದು ಟೆಟ್ರಿಸ್‌ನಂಥ ಆಟಗಳಲ್ಲಿ ಒಬ್ಬರನ್ನೊಬ್ಬರು ಸೋಲಿಸಲಿಕ್ಕೆ. ತಾಜಿರಿ ಅದನ್ನು ಕೊಡು-ಕೊಳ್ಳೋದಕ್ಕೆ ಬಳಸಿದರು. ಆರು ವರ್ಷ ಹಿಡಿಯಿತು. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಆಟ ಹೊರಬಂತು. ಒಂದಲ್ಲ, ಎರಡು: ರೆಡ್ ಮತ್ತು ಗ್ರೀನ್. 1998ರಲ್ಲಿ ಅಮೆರಿಕಕ್ಕೆ ಹೋದಾಗ ಅವು ರೆಡ್ ಮತ್ತು ಬ್ಲೂ ಆದವು.

ಒಂದೇ ಆಟವನ್ನು ಎರಡು ಡಬ್ಬಿಯಲ್ಲಿ ಮಾರೋದು ವ್ಯಾಪಾರದ ಹಿಕಮತ್ತು, ಇಲ್ಲ ಅನ್ನೋದಿಲ್ಲ. ಆದರೆ ಒಳಗಿನ ಲೆಕ್ಕ ನೋಡ್ರಿ. ರೆಡ್‌ನಲ್ಲಿ ಎಕಾನ್ಸ್ ಅನ್ನೋ ಹಾವು ಸಿಗತದ, ಸ್ಯಾಂಡ್‌ಶ್ರೂ ಸಿಗೂದಿಲ್ಲ, ಬ್ಲೂನಲ್ಲಿ ಉಲ್ಟಾ. ಶುರುವಿನಲ್ಲಿ ಪ್ರೊಫೆಸರ್ ಓಕ್ ಮೂರು ಪ್ರಾಣಿ ತೋರಿಸಿ ಒಂದನ್ನಷ್ಟೇ ಕೊಡುತ್ತಾರೆ. ಗುಡ್ಡದ ಗವಿಯಲ್ಲಿ ಎರಡು ಪಳೆಯುಳಿಕೆ ಇವೆ, ಒಂದನ್ನಷ್ಟೇ ಒಯ್ಯಬಹುದು. ಇನ್ನು ನಾಲ್ಕು ಪ್ರಾಣಿಗಳ ಕೊನೆಯ ರೂಪ, ಅಂದರೆ ಅಲಕಝಾಮ್, ಮಚಾಂಪ್, ಗೋಲೆಮ್, ಗೆಂಗಾರ್, ಅವು ಬೇರೆಯವರ ಕೈಗೆ ಹೋದರೆ ಮಾತ್ರ ಬರುತ್ತವೆ. ನಿಮ್ಮ ಹತ್ತಿರ ಇದ್ದಷ್ಟು ದಿನ ಹಾಂಟರ್ ಹಾಂಟರೇ. ಕೊಟ್ಟ ಗಳಿಗೆಗೆ ಗೆಂಗಾರ್. ಅದನ್ನು ವಾಪಸ್ ಪಡೆಯಬೇಕಂದರೆ ಆ ಕಡೆಯವರ ಮೇಲೆ ಭರವಸೆ ಇಡಬೇಕು. ಅವ ವಾಪಸ್ ಕೊಡಲಿಲ್ಲಂದ್ರ? ಆಟ ಅದಕ್ಕೆ ಯಾವ ಕಾನೂನೂ ಮಾಡಿಲ್ಲ. ಅದು ನಿಮ್ಮಿಬ್ಬರ ನಡುವಿನ ಮಾತು.

ಇನ್ನೊಂದು ಸಣ್ಣ ವಿವರ ಐತಿ. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಅದರಷ್ಟು ಚಂದದ್ದು ಬೇರೆ ಇಲ್ಲ. ಪ್ರತಿ ಪ್ರಾಣಿಯೂ ತನ್ನನ್ನು ಮೊದಲು ಹಿಡಿದವರ ಹೆಸರು ಮತ್ತು ನಂಬರನ್ನು ಕೊನೆತನಕ ಹೊತ್ತಿರತದ. ಎಷ್ಟು ಕೈ ಬದಲಾದರೂ ಅಳಿಸುವುದಿಲ್ಲ. ಲ್ಯಾವೆಂಡರ್ ಟೌನಿನಲ್ಲಿ ಹೆಸರು ಬದಲಿಸಿಕೊಡುವ ಒಬ್ಬ ಮುದುಕ ಇದ್ದಾನೆ. ನೀವೇ ಹಿಡಿದದ್ದಾದರೆ ಬದಲಿಸುತ್ತಾನೆ, ಬೇರೆಯವರಿಂದ ಬಂದದ್ದಾದರೆ ಮುಟ್ಟುವುದಿಲ್ಲ. ಕೊಟ್ಟವರು ಇಟ್ಟ ಹೆಸರಿನಿಂದಲೇ ಕರೆಯಬೇಕು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದುವ್ಯಾಗ ಮುಯ್ಯ ಬರತದಲ್ಲ, ಆ ಸ್ಟೀಲಿನ ಕೊಡ, ಡಬರಿ, ತಟ್ಟೆಯ ಅಂಚಿನಲ್ಲಿ ಕೊಟ್ಟವರ ಹೆಸರು ಕೊರೆಸಿರತಾರ. ಮೂವತ್ತು ವರ್ಷ ಕಳೆದರೂ ಆ ಕೊಡದಲ್ಲಿ ನೀರು ತುಂಬುವಾಗ ಸೋದರತ್ತೆಯ ಹೆಸರು ಬೆರಳಿಗೆ ಹತ್ತತದ. ವಸ್ತು ನಮ್ಮದು, ಹೆಸರು ಅವರದು. ಅವರ ಮನಿ ಮದುವಿಗೆ ನಾವು ತಿರುಗಿ ಮುಯ್ಯ ಮಾಡಬೇಕು, ಆ ನೆನಪಿಗೂ ಅದೇ ಹೆಸರು. ಜಪಾನಿನವರು 160 ಚುಕ್ಕಿ ಅಗಲ, 144 ಚುಕ್ಕಿ ಎತ್ತರದ, ನಾಲ್ಕು ಛಾಯೆಯ ಪರದೆಯಲ್ಲಿ ಇದೇ ವ್ಯವಹಾರವನ್ನು ಇಟ್ಟಿದ್ದಾರೆ.

ಮುಯ್ಯಕ್ಕೆ ಒಂದು ಬಿಗಿಯೂ ಇರತದ. ಅದೂ ಆಟದಲ್ಲಿದೆ. ಬೇರೆಯವರ ಪ್ರಾಣಿ ನಿಮ್ಮ ಕೈಯಲ್ಲಿ ಒಂದೂವರೆ ಪಟ್ಟು ವೇಗದಿಂದ ಬೆಳೀತದ, ಆದರೆ ನಿಮಗೆ ಯೋಗ್ಯತೆ ಇರಬೇಕು. ಎರಡನೆಯ ಬ್ಯಾಡ್ಜ್ ಸಿಕ್ಕಿದ್ದರೆ 30ನೆಯ ಲೆವೆಲ್‌ತನಕ ಮಾತು ಕೇಳತದ. ಅದಕ್ಕಿಂತ ಬಲ್ಲಿದನಾದರೆ ಅರ್ಧ ಹೊತ್ತು ನಿದ್ದಿ ಮಾಡತದ, ಇಲ್ಲ ಸುಮ್ಮನೆ ನಿಲ್ಲತದ. ನೀವೇ ಹಿಡಿದು ಬೆಳೆಸಿದ್ದು ಎಂದೂ ಹೀಗೆ ಮಾಡುವುದಿಲ್ಲ. ಪುಕ್ಕಟೆ ಬಂದ ಬಲಕ್ಕೆ ಬೆಲೆ ಕಟ್ಟುವ ಈ ನಿಯಮವನ್ನು ಎಲ್ಲೂ ಭಾಷಣ ಮಾಡಿ ಹೇಳುವುದಿಲ್ಲ. ಆಡಿದರೆ ಗೊತ್ತಾಗತದ.

ಈಗ ನಮ್ಮ ಸಂಗತಿಗೆ ಬರೋಣು. ಕೇಬಲ್ ಇಲ್ಲದ ಊರಿನಲ್ಲಿ ಈ ಆಟದಿಂದ ಇದೆಲ್ಲ ಉದುರಿ ಹೋತು. ಉಳಿದದ್ದು ಕಾದಾಟ, ಎಂಟು ಬ್ಯಾಡ್ಜು, ಕೊನೆಯಲ್ಲಿ ಓಕ್ ಅಜ್ಜನ ಮೊಮ್ಮಗನ ಸೊಕ್ಕು ಮುರಿಯೋದು. ಅದೂ ಎಮ್ಯುಲೇಟರ್‌ನಲ್ಲಿ ಬೇರೆಯೇ ರೀತಿ. ಒಂದು ಗುಂಡಿ ಒತ್ತಿದರೆ ಆಟ ನಾಲ್ಕು ಪಟ್ಟು ಓಡತದ. ಇನ್ನೊಂದು ಒತ್ತಿದರೆ ಆ ಗಳಿಗೆಯೇ ಸೇವ್ ಆಗತದ. ಮ್ಯೂಟೂ ಇಡೀ ಆಟದಲ್ಲಿ ಒಂದೇ, ತಪ್ಪಿಸಿಕೊಂಡರೆ ಮತ್ತೆ ಬರುವುದಿಲ್ಲ ಅನ್ನೋ ಎದೆ ಢವಢವವೇ ಅದರ ರುಚಿ. ಚೆಂಡು ಎಸೆಯೋ ಮುಂಚೆ ಸೇವ್, ತಪ್ಪಿದರೆ ಲೋಡ್, ಮತ್ತೆ ಎಸಿ ಅಂತಾದರೆ ಏನು ಉಳೀತು? ಈ ಸಲ ನಾನು ಎರಡೂ ಗುಂಡಿ ಮುಟ್ಟದೆ ಆಡಿದೆ. ರಾಕ್ ಟನಲ್‌ನ ಕತ್ತಲೆ ಆಗ ಖರೆ ಕತ್ತಲೆ ಅನಿಸಿತು. ಲ್ಯಾವೆಂಡರ್‌ನ ಗೋರಿಗಳ ಗೋಪುರದಲ್ಲಿ, ದೆವ್ವ ಅಂದುಕೊಂಡದ್ದು ಮರಿಯನ್ನು ಬಿಟ್ಟು ಸತ್ತ ತಾಯಿ ಅಂತ ತಿಳಿದಾಗ ನಿಂತು ಉಸಿರು ಬಿಡಲಿಕ್ಕೆ ಹೊತ್ತು ಸಿಕ್ಕಿತು. ನಾಲ್ಕು ಪಟ್ಟು ವೇಗದಲ್ಲಿ ಯಾವ ತಾಯಿಯ ದುಃಖವೂ ಮುಟ್ಟುವುದಿಲ್ಲ.

ಹಾಗಂತ ಹಳೆಯದೆಲ್ಲ ಬಂಗಾರ ಅಂತ ನಾನು ಹೇಳೂದಿಲ್ಲ. ಚೀಲದಲ್ಲಿ ಇಪ್ಪತ್ತೇ ಸಾಮಾನು ಹಿಡೀತಾವ, ಅದು ತಲೆನೋವು. ಪೆಟ್ಟಿಗೆಯಲ್ಲಿ ಇಪ್ಪತ್ತು ಪ್ರಾಣಿ ತುಂಬಿದರೆ ಊರಿಗೆ ಬಂದು ಕಂಪ್ಯೂಟರಿನಲ್ಲಿ ಪೆಟ್ಟಿಗೆ ಬದಲಿಸೋತನಕ ಮುಂದಿನದನ್ನು ಹಿಡಿಯಲಾಗುವುದಿಲ್ಲ. ಸೈಕಿಕ್ ಬಳಗಕ್ಕೆ ಎದುರಾಳಿಯೇ ಇಲ್ಲದಷ್ಟು ಬಲ. ದೆವ್ವದ ಏಟು ಅವಕ್ಕೆ ತಾಗಬೇಕಿತ್ತು, ಕೋಡಿನ ತಪ್ಪಿನಿಂದ ತಾಗುವುದೇ ಇಲ್ಲ. ಆಡುವವರು ಹುಡುಗನೇ ಆಗಬೇಕು. ಹುಡುಗಿಯಾಗಿ ಆಡಲಿಕ್ಕೆ 2000ದ ಕ್ರಿಸ್ಟಲ್‌ತನಕ ಕಾಯಬೇಕಾಯಿತು.

ಎಲ್ಲಕ್ಕಿಂತ ವಿಚಿತ್ರ ಅಂದರೆ, ಹುಳದ ಪ್ರೀತಿಯಿಂದ ಹುಟ್ಟಿದ ಈ ಆಟದಲ್ಲಿ ಹುಳಗಳೇ ಬಡಪಾಯಿಗಳು. 151ರಲ್ಲಿ ಹುಳದ ಬಳಗ 12. ಅವಕ್ಕೆಂದೇ ಇರುವ ಏಟು ಮೂರು, ಮೂರೂ ಸೊರಗಿದವು. ಕ್ಯಾಟರ್‌ಪೀ ಅನ್ನೋ ಕಂಬಳಿಹುಳ 7ನೆಯ ಲೆವೆಲ್‌ಗೆ ಗೂಡು ಕಟ್ಟತದ, 10ಕ್ಕೆ ಚಿಟ್ಟೆ ಆಗತದ. ಉಳಿದವು ಇನ್ನೂ ಕಣ್ಣು ಬಿಡುವಷ್ಟರಲ್ಲಿ ಅದರ ಜೀವನ ಮುಗೀತು. ಎರಡು ಊರು ದಾಟುವಷ್ಟರಲ್ಲಿ ಎಲ್ಲರೂ ಅದನ್ನು ಪೆಟ್ಟಿಗೆಗೆ ಹಾಕುತ್ತಾರೆ. ಮೊದಲು ಇದು ಕಟ್ಟಿದವರ ಅಲಕ್ಷ್ಯ ಅನಿಸಿತ್ತು. ಈಗ ಅನಿಸೋದು, ಹುಳ ಹಿಡಿದವರಿಗೆ ಇದು ಗೊತ್ತಿರುವ ಸತ್ಯ. ಜೀರಂಗಿಯನ್ನು ಕಡ್ಡಿಪೆಟ್ಟಿಗೆಯಲ್ಲಿಟ್ಟು, ಜಾಲಿ ಸೊಪ್ಪು ಹಾಕಿ, ನಾಲ್ಕು ದಿನ ಜೋಪಾನ ಮಾಡಿದವರಿಗೆ ಐದನೆಯ ದಿನ ಏನಾಗತದ ಅಂತ ಗೊತ್ತು. ಆ ಕಡ್ಡಿಪೆಟ್ಟಿಗೆಯೇ ಪೋಕೆಬಾಲ್. ಗೆಳೆಯನ ಹಸಿರು ಜೀರಂಗಿಗೆ ನನ್ನ ಎರಡು ಕೊಡ್ತೀನಿ ಅನ್ನೋದೇ ಕೇಬಲ್.

ತಾಜಿರಿಯ ಊರಿನಲ್ಲಿ ಗದ್ದೆ ಹೋದವು, ಹುಳವೂ ಹೋದವು. ಕಾರಟಗಿಯ ಕಥೆ ಬೇರೆ. ಇಲ್ಲಿ ಗದ್ದೆ ಬಂದದ್ದೇ ಆಮೇಲೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಗಿ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳದ ಎರೆಹೊಲಗಳು ಭತ್ತದ ಗದ್ದೆ ಆದವು, ಸೋನಾ ಮಸೂರಿ ಬಂತು, ಸಾಲು ಸಾಲು ರೈಸ್ ಮಿಲ್ಲು ಬಂದವು. ಗದ್ದೆ ಇನ್ನೂ ಐತಿ, ಆದರೆ ಹುಳ ಅಂದರೆ ಈಗ ವೈರಿ: ಕಂದು ಜಿಗಿಹುಳು, ಕಾಂಡ ಕೊರೆಯುವ ಹುಳು, ಎಲೆ ಸುರುಳಿ ಹುಳು. ರೈತನ ತಪ್ಪಿಲ್ಲ, ಒಂದು ವಾರ ಕಣ್ಣು ತಪ್ಪಿದರೆ ಜಿಗಿಹುಳು ಗದ್ದೆಯನ್ನು ಸುಟ್ಟಂಗ ಮಾಡಿ ಬಿಡತದ. ಔಷಧ ಹೊಡೆದ ಗದ್ದೆಯ ಬದುವಿಗೆ ಮಕ್ಕಳನ್ನು ಯಾರು ಬಿಡತಾರ? ಹಿಂಗಾಗಿ ನಮ್ಮ ಹುಡುಗರು ಹುಳ ಹಿಡಿದದ್ದು ಗದ್ದೆಯ ಪಕ್ಕದ ಮನೆಯೊಳಗೆ ಕೂತು, ಪರದೆಯ ಹುಲ್ಲಿನಲ್ಲಿ. ಆ ಪರದೆಯ ಕಾಂಟೋ ಸೀಮೆ ತಿರುಗಿ ನೋಡ್ರಿ: ಹುಲ್ಲೈತಿ, ಗಿಡ ಐತಿ, ಸಮುದ್ರ ಐತಿ, ಭತ್ತದ ಗದ್ದೆ ಒಂದೂ ಇಲ್ಲ. ಅಲ್ಲಿ ಯಾರೂ ಬೆಳೆಯೂದಿಲ್ಲ, ಹಿಂಗಾಗಿ ಯಾವ ಹುಳವೂ ಯಾರಿಗೂ ವೈರಿ ಅಲ್ಲ. ಆಟದ ಕನಸಿನ ಶಕ್ತಿಯೂ ಅದೇ, ಅದರ ಸುಳ್ಳೂ ಅದೇ.

ಆಮೇಲೆ ಬಂದ ಪೋಕೆಮಾನ್‌ಗಳು ಕೇಬಲಿನ ಮಾತನ್ನು ಏನು ಮಾಡಿದವು? 2006ರ ಡೈಮಂಡ್ ಮತ್ತು ಪರ್ಲ್ ಇಂಟರ್‌ನೆಟ್ಟಿನಲ್ಲಿ ಜಗತ್ತಿನ ಯಾರ ಜೊತೆಗಾದರೂ ಬದಲಿಸುವ ಸಂತೆ ತೆರೆದವು. ಅನುಕೂಲ ಆತು, ಆದರೆ ಆ ಕಡೆಯವರ ಮುಖ ಹೋತು. 2016ರ ಪೋಕೆಮಾನ್ ಗೋ ಜನರನ್ನು ಮನೆಯಿಂದ ಹೊರಗೆ ಎಳೀತು. ಅದೇ ಡಿಸೆಂಬರಿನಲ್ಲಿ ಜಿಯೋ ಜೊತೆ ಸೇರಿ ಭಾರತಕ್ಕೂ ಬಂತು. ಬೆಂಗಳೂರಿನ ಪಾರ್ಕುಗಳಲ್ಲಿ ಅದು ಹಬ್ಬ, ಸಣ್ಣ ಊರುಗಳಲ್ಲಿ ಬರೀ ನಡಿಗೆ. ತಮಾಷೆ ಅಂದರೆ, ಬದಲಿಸಿಕೊಳ್ಳುವ ಸೌಲಭ್ಯ ಅದರಲ್ಲಿ ಮೊದಲ ಎರಡು ವರ್ಷ ಇರಲೇ ಇಲ್ಲ, 2018ರಲ್ಲಿ ಬಂತು. ಹಿಡಿಯೋದು ಮುಂದೆ ಬಂತು, ಕೊಡೋದು ಹಿಂದೆ ಬಿತ್ತು.

ನಮ್ಮಂಥ ಒಂಟಿ ಆಟಗಾರರಿಗಾಗಿ ಅಭಿಮಾನಿಗಳು ಆಟವನ್ನು ತಿದ್ದಿದ್ದೂ ಉಂಟು. ತಿದ್ದಿದ ಆವೃತ್ತಿಗಳಲ್ಲಿ ಹಾಂಟರ್ ಒಂದು ಲೆವೆಲ್ ಮುಟ್ಟಿದರೆ ಸಾಕು, ತಾನೇ ಗೆಂಗಾರ್ ಆಗತದ. ಕೇಬಲ್ ಸಿಗದವರಿಗೆ ಅದು ಉಪಕಾರವೇ, ಯಾಕೆ ಬೇಡ ಅನ್ನಲಿ. ಆದರೆ ಆ ತಿದ್ದುಪಡಿಯ ನಂತರ ಆಟದಲ್ಲಿ ಯಾರೂ ಯಾರಿಗೂ ಬೇಕಾಗಿಲ್ಲ. ಎಲ್ಲಾ ಪ್ರಾಣಿಗಳ ಮೇಲೂ ಒಂದೇ ಹೆಸರು: ನಿಮ್ಮದು. ಕೊಡಗಳೆಲ್ಲಾ ನಾವೇ ಕೊಂಡು ನಮ್ಮ ಹೆಸರನ್ನೇ ಕೊರೆಸಿಕೊಂಡಂಗ.

ಈಗ ಆಡಬೇಕು ಅನಿಸಿದವರಿಗೆ ನನ್ನ ಸಲಹೆ ಇಷ್ಟೇ. ಇಂಗ್ಲಿಷ್ ಓದಲು ಬರುವ ಮಗು ಮನೆಯಲ್ಲಿದ್ದರೆ ಒಂದು ಆಟ ಅದಕ್ಕೆ, ಒಂದು ನಿಮಗೆ. 2004ರ ಫೈರ್‌ರೆಡ್ ಮತ್ತು ಲೀಫ್‌ಗ್ರೀನ್ ಇದೇ ಕಥೆಯ ಬಣ್ಣದ ರೂಪ, ಕಣ್ಣಿಗೆ ಹಿತ, ಹುಡುಗಿಯಾಗಿಯೂ ಆಡಬಹುದು. ಎರಡು ಮೊಬೈಲುಗಳನ್ನು ಬ್ಲೂಟೂತ್‌ನಲ್ಲಿ ಜೋಡಿಸಿ ಕೇಬಲಿನ ಕೆಲಸ ಮಾಡಿಸುವ ಎಮ್ಯುಲೇಟರ್‌ಗಳೂ ಬಂದಿವೆ. ಇಪ್ಪತ್ತು ವರ್ಷ ತಡವಾಗಿಯಾದರೂ ವೈರಿಲ್ಲದ ವೈರು ನಮ್ಮೂರಿಗೆ ಬಂದಂಗ ಆತು. ಓಡಿಸೋ ಗುಂಡಿ ಮುಟ್ಟಬ್ಯಾಡ್ರಿ. ಹಿಡಿದ ಪ್ರಾಣಿಗಳಿಗೆ ಹೆಸರಿಡ್ರಿ, ಮನೆಯ ಹೆಸರೇ ಇಡ್ರಿ, ಯಾಕಂದರೆ ಅದು ಒಂದು ದಿನ ಆ ಕಡೆಯ ಮೊಬೈಲಿಗೆ ಹೋದ ಮೇಲೂ ಹಂಗೇ ಉಳೀತದ. ಆಮೇಲೆ ನಿಮ್ಮ ಹಾಂಟರನ್ನು ಮಗಳಿಗೆ ಕೊಡ್ರಿ. ಗೆಂಗಾರ್ ಆದ ಮೇಲೆ ವಾಪಸ್ ಕೊಡ್ತಾಳೋ ಇಲ್ಲೋ, ಅದನ್ನು ಅಕಿಗೇ ಬಿಡ್ರಿ.